ಮಗಳ ಬಾಯಿ ತೊಳೆದ ದಿನಗಳು

ನನ್ನ ಮಗಳು ಲಾಸ್ಯಳಿಗೆ ಹನ್ನೊಂದು ತಿಂಗಳಾಗಿದ್ದಾಗ ಅವಳ ಬಾಯಿ ನಾರತೊಡಗಿತು. ಹಾಲು ಕುಡಿಯುವ ಕೂಸಿನ ಬಾಯಿಂದ ಹಾಲಿನ ವಾಸನೆ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಮಗಳ ಬಾಯಿಂದ ಬರುತ್ತಿದ್ದುದು ಮೂರು ದಿನ ನೀರಿನಲ್ಲಿ ಬಿದ್ದ ಹಸಿ ಚರ್ಮದ ವಾಸನೆ. ಅವಳು 'ಪ್ಪ, ಪ್ಪ' ಎನ್ನುತ್ತ ಮುಖದ ಹತ್ತಿರ ಬಂದರೆ ನಾನು ಮುಖ ತಿರುಗಿಸುತ್ತಿದ್ದೆ. ನಾನು ಅವಳ ತಂದೆ. ಮಕ್ಕಳ ಕಾಯಿಲೆಯ ಬಗ್ಗೆ ಬರೆದವರು ಅಳು, ಹರಕೆ, ತ್ಯಾಗ ಎಲ್ಲ ಬರೆದಿದ್ದಾರೆ. ಹೇಸಿಗೆಯಾಯಿತು ಎಂದು ಯಾರೂ ಬರೆದದ್ದನ್ನು ನಾನು ಓದಿಲ್ಲ. ಆಗ ಯಾರಾದರೂ ಒಬ್ಬರು "ನನಗೂ ಹಾಗೇ ಆಗಿತ್ತು" ಎಂದಿದ್ದರೆ ನಾನು ಇನ್ನಷ್ಟು ಬೇಗ ದಾರಿಗೆ ಬರುತ್ತಿದ್ದೆನೇನೋ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆಂಧ್ರದ ಗಡಿಯೂರು ರಾಯದುರ್ಗದ ಒಂದು ಜೀನ್ಸ್ ಹೊಲಿಯುವ ಘಟಕದಲ್ಲಿ ನಾನು ಕಟಿಂಗ್ ಮಾಸ್ಟರ್. ನೀಲಿ ಬಟ್ಟೆಯ ನೂರು ಪದರ ಒಂದರ ಮೇಲೊಂದು ಹಾಸಿ, ಮೇಲೆ ಗುರುತು ಹಾಕಿ, ಯಂತ್ರದಿಂದ ಒಂದೇ ಸಲ ಕತ್ತರಿಸುವ ಕೆಲಸ. ಅಚ್ಚುಕಟ್ಟಿನ ಕೆಲಸ, ನನ್ನ ಸ್ವಭಾವವೂ ಅಂಥದ್ದೇ. ಊಟದಲ್ಲಿ ಕೂದಲು ಸಿಕ್ಕರೆ ನನಗೆ ಎರಡು ದಿನ ಊಟ ಸೇರುವುದಿಲ್ಲ. ಇನ್ನೊಬ್ಬರು ಒರೆಸಿಕೊಂಡ ಟವೆಲ್ ಮುಟ್ಟುವವನಲ್ಲ. ಮನೆಯಲ್ಲಿ ಇದ್ದವರು ನಾನು, ನನ್ನ ಅವ್ವ, ಹೆಂಡತಿ ರೂಪಾ, ಮಗಳು. ರೂಪಾಳ ತವರು ಮಡಕಶಿರಾ ಕಡೆ, ರತ್ನಗಿರಿ ಕೋಟೆಯ ಹತ್ತಿರದ ಒಂದು ಹಳ್ಳಿ. ಅವಳ ಮಾತು ನಮ್ಮ ಮಾತಿಗಿಂತ ಬೇರೆ; ಮದುವೆಯಾದ ಹೊಸದರಲ್ಲಿ ಅವ್ವ ಅದನ್ನು ಅಣಕಿಸಿ ನಗುತ್ತಿದ್ದಳು.

ಮೊದಲು ಬಂದದ್ದು ಕುರು. ಮಗುವಿನ ಕುಂಡೆಯ ಮೇಲೆ ಒಂದು, ಅದು ಒಣಗುವುದರೊಳಗೆ ತೊಡೆಸಂದಿಯಲ್ಲಿ ಇನ್ನೊಂದು. ಆಮೇಲೆ ಜ್ವರ. ಆಮೇಲೆ ಒಸಡು ಊದಿ ಕೆಂಪಾಗಿ, ನಾಲಗೆಯ ಅಂಚಿಗೆ ಬಿಳಿ ಹುಣ್ಣು. ಲೋಳೆಯಂಥ ಜೊಲ್ಲು ಗದ್ದದಿಂದ ಎದೆಗೆ ಇಳಿದು ಅಂಗಿ ಯಾವಾಗಲೂ ತೊಯ್ದಿರುತ್ತಿತ್ತು. ರೂಪಾ ದಿನಕ್ಕೆ ಎಂಟು ಅಂಗಿ ತೊಳೆಯುತ್ತಿದ್ದಳು. ನಾನು ಅವು ಒಣಗುವ ಹಗ್ಗದ ಕಡೆ ಹೋಗುತ್ತಿರಲಿಲ್ಲ.

ಊರಿನ ಒಂದು ಖಾಸಗಿ ಕ್ಲಿನಿಕ್ಕಿಗೆ ತೋರಿಸಿದೆವು. ಅವರು ರಕ್ತ ಪರೀಕ್ಷೆ ಬರೆದರು. ಲ್ಯಾಬಿನವನು ಕೊಟ್ಟ ಹಾಳೆಯಲ್ಲಿ ಬಿಳಿ ರಕ್ತಕಣಗಳ ಸಾಲುಗಳು: ಲಿಂಫೋಸೈಟ್ ನೂರಕ್ಕೆ ಎಂಬತ್ತೈದು, ಅದರ ಮುಂದೆ ದಪ್ಪ ಅಕ್ಷರದಲ್ಲಿ 'ಹೆಚ್ಚು' ಎಂಬ ಗುರುತು. ನ್ಯೂಟ್ರೋಫಿಲ್ ಮೂರು, ಅದರ ಮುಂದೆ 'ಕಡಿಮೆ'. ಎರಡರ ಅರ್ಥವೂ ನಮಗೆ ಗೊತ್ತಿರಲಿಲ್ಲ. ಲ್ಯಾಬಿನವನು ಹಾಳೆ ಕೊಡುವಾಗ ನನ್ನ ಮುಖ ನೋಡಲಿಲ್ಲ. ಅವನಿಗೆ ಏನೋ ಗೊತ್ತಿದೆ ಎಂದುಕೊಂಡೆ.

ಕ್ಲಿನಿಕ್ಕಿನ ಡಾಕ್ಟರ ಕೋಣೆಗೆ ಬಾಗಿಲಿರಲಿಲ್ಲ, ಒಂದು ಪರದೆ ಇತ್ತು. ಹೊರಗೆ ಬೆಂಚಿನ ಮೇಲೆ ಹತ್ತು ಹನ್ನೆರಡು ಜನ. ಡಾಕ್ಟರು ಹಾಳೆ ನೋಡಿ, ಸಂತೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದರು.

"ಇದು ಬ್ಲಡ್ ಕ್ಯಾನ್ಸರ್ ಇದ್ದಂಗ ಕಾಣ್ತೈತಿ. ನನ್ನ ಕೈಲಿ ಆಗೂದಲ್ಲ. ದೊಡ್ಡ ಊರಿಗೆ ಒಯ್ರಿ."

"ಯಾವ ಊರಿಗೆ ಸಾರ್? ಯಾರಿಗೆ ತೋರಸ್ಬೇಕು?"

"ಎಲ್ಲಿಗ್ಯಾರ ಒಯ್ರಿ."

ಒಂದು ಚೀಟಿಯನ್ನೂ ಬರೆದುಕೊಡಲಿಲ್ಲ. ನಾವು ಪರದೆ ಸರಿಸಿ ಹೊರಬಂದಾಗ ಬೆಂಚಿನ ಮೇಲಿದ್ದ ಒಬ್ಬ ಹೆಂಗಸು ತನ್ನ ಮಗುವನ್ನು ಸೆರಗಿನಿಂದ ಮುಚ್ಚಿಕೊಂಡು ಆಚೆ ಸರಿದಳು. ಕ್ಯಾನ್ಸರು ಗಾಳಿಯಲ್ಲಿ ಹಾರಿ ಬರುತ್ತದೆ ಎಂದು ಅವಳಿಗೆ ಯಾರು ಹೇಳಿದ್ದರೋ. ಅವಳ ಮೇಲೆ ನನಗೆ ಬಂದ ಅಸಹ್ಯ ಈಗಲೂ ಹೋಗಿಲ್ಲ. ಆದರೆ ಬಸ್ಸಿನಲ್ಲಿ ಮೂಗು ಸೋರುವ ಮಗು ಪಕ್ಕಕ್ಕೆ ಬಂದರೆ ಎಷ್ಟು ಸಲ ನಾನೇ ಎದ್ದು ಸೀಟು ಬದಲಿಸಿದ್ದೇನೆ ಎಂಬುದೂ ಆಗಲೇ ನೆನಪಾಯಿತು.

ದೊಡ್ಡ ಊರಿಗೆ ಹೋಗಬೇಕಿತ್ತು, ಹೋಗಲಿಲ್ಲ. ಎಲ್ಲಿಗೆ ಎಂದು ಗೊತ್ತಿರಲಿಲ್ಲ ಎಂಬುದು ಒಂದು ಕಾರಣ. ಅವರು ಹೇಳಿದ್ದು ನಿಜವಾಗಿಬಿಟ್ಟರೆ ಎಂಬುದು ಇನ್ನೊಂದು. ಮನೆಯಲ್ಲಿ ಅವ್ವ ಮಗುವಿನ ಬಟ್ಟಲು, ಚಮಚ, ಹಾಸಿಗೆ ಬೇರೆ ಮಾಡಿದಳು. ರೂಪಾಳ ತಟ್ಟೆಯನ್ನೂ ಬೇರೆ ಇಟ್ಟಳು.

"ಆಕಿ ಹಾಲೇ ಕೆಟ್ಟೈತಿ. ಅದಕ ಕೂಸಿನ ಬಾಯಿ ಕೊಳ್ಯಾಕತ್ತೈತಿ," ಎಂದು ಅವ್ವ ಪಕ್ಕದ ಮನೆಯವರ ಮುಂದೆ ಹೇಳಿದ್ದು ರೂಪಾಳಿಗೆ ಕೇಳಿಸಿತು. ನನಗೂ ಕೇಳಿಸಿತು. ನಾನು ಸುಮ್ಮನಿದ್ದೆ.

ರೂಪಾ ಅವತ್ತೇ ಚೀಲಕ್ಕೆ ಬಟ್ಟೆ ತುಂಬಿದಳು. "ನಮ್ಮಮ್ಮನ ಮನೇಗೆ ಓಯ್ತೀನಿ. ಅಲ್ಲಿ ಮಗೀನ ಯಾರೂ ದೂರ ಇಡಲ್ಲ," ಎಂದಳು. ನಾನು ಬೇಡ ಎನ್ನಲಿಲ್ಲ. ಬಸ್ ನಿಲ್ದಾಣಕ್ಕೆ ಹೋಗಿ ಹತ್ತಿಸಿ ಬಂದೆ. ಮನೆಗೆ ಬಂದು ಕೋಣೆಯ ಕಿಟಕಿ ತೆರೆದಿಟ್ಟು, ನೆಲಕ್ಕೆ ಫಿನಾಯಿಲ್ ಹಾಕಿ ಒರೆಸಿ, ಶುದ್ಧ ಹಾಸಿಗೆಯ ಮೇಲೆ ಮಲಗಿದೆ. ಎಷ್ಟೋ ವಾರಗಳ ನಂತರ ಒಳ್ಳೆಯ ನಿದ್ದೆ ಬಂತು. ಆ ನಿದ್ದೆಯ ವಿಷಯ ಆಗ ಯಾರಿಗೂ ಹೇಳಲಿಲ್ಲ.

ಆರನೆಯ ದಿನ ಬೆಳಿಗ್ಗೆ ಕತ್ತರಿಸುವ ಮೇಜಿನ ಮುಂದೆ ನಿಂತಿದ್ದಾಗ ಅತ್ತೆಯ ಫೋನ್ ಬಂತು. ಅತ್ತೆ ಎಂದರೆ ರೂಪಾಳ ತಾಯಿ.

"ಅಳಿಯಂದಿರೇ, ಬೇಗ ಬರ್ರಪ್ಪ. ಮಗು ಕಣ್ಣು ಬಿಡ್ತಿಲ್ಲ. ಮೈಯೆಲ್ಲ ಕೆಂಡ ಆಗೈತೆ."

ಕಲ್ಯಾಣದುರ್ಗದಲ್ಲಿ ಇಳಿದು ಇನ್ನೊಂದು ಬಸ್ ಹತ್ತಿ, ಮಡಕಶಿರಾ ತಲುಪುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಅತ್ತೆ ಮಗುವನ್ನು ಎತ್ತಿಕೊಂಡು ಪಟ್ಟಣದ ಸರ್ಕಾರಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಡಾಕ್ಟರಿಗಾಗಿ ಕಾಯುತ್ತ ಕೂತಿದ್ದರು. ಆಗಿದ್ದು ಇಷ್ಟು. ಕುಂಡೆಯ ಮೇಲೆ ಹೊಸದಾಗಿ ಎದ್ದ ಕುರುವಿಗೆ ಮದ್ದು ಹಾಕುತ್ತಾನೆ ಎಂದು ಯಾರೋ ಹೇಳಿದ ಮನುಷ್ಯನ ಹತ್ತಿರ ಕೂಸನ್ನು ಒಯ್ದಿದ್ದಾರೆ. ಅವನು ಬಾಯಲ್ಲಿದ್ದ ಹೊಗೆಸೊಪ್ಪನ್ನು ಬೆರಳಿನಿಂದ ತೆಗೆದು ಪಕ್ಕಕ್ಕೆ ಎಸೆದು, ಅದೇ ಕೈಯ ಹೆಬ್ಬೆರಳಿನಿಂದ ಕುರುವನ್ನು ಹಿಸುಕಿ, ಬೂದಿಗೆ ಏನನ್ನೋ ಕಲೆಸಿ ಮೆತ್ತಿದ್ದಾನೆ. ಮೂರು ದಿನ ಬಿಚ್ಚಬೇಡಿ ಎಂದಿದ್ದಾನೆ. ಅತ್ತೆ ಬಟ್ಟೆ ಸರಿಸಿ ತೋರಿಸಿದರು. ಬೂದಿಯ ಹಕ್ಕಳೆಯ ಸುತ್ತ ಚರ್ಮ ಬದನೆಕಾಯಿಯ ಬಣ್ಣಕ್ಕೆ ತಿರುಗಿ ಬಿಗಿದುಕೊಂಡಿತ್ತು. ಅಂಚಿನಿಂದ ಕಂದು ನೀರು ಒಸರುತ್ತಿತ್ತು. ನಾನು ಮೆಟ್ಟಿಲ ಪಕ್ಕಕ್ಕೆ ಹೋಗಿ ವಾಂತಿ ಮಾಡಿಕೊಂಡೆ.

"ರೂಪಾ ಎಲ್ಲಿ?" ಎಂದು ಕೇಳಿದೆ.

"ಅವಳಿಗೂ ಜ್ವರ ಕಣಪ್ಪ. ಮಗು ಬಾಯಿ ನೋವಿಗೆ ಹಾಲು ಕುಡೀತಿರ್ಲಿಲ್ಲ. ಹಾಲು ಕಟ್ಕೊಂಡು ಎದೆ ಕಲ್ಲಾಗೈತೆ. ಒಳಗೆ ಮಲಗ್ಸವ್ರೆ."

ಆ ಆಸ್ಪತ್ರೆಯ ಡಾಕ್ಟರು ಮಗುವನ್ನು ನೋಡಿದ ಐದು ನಿಮಿಷದಲ್ಲಿ ಮೊದಲ ಇಂಜೆಕ್ಷನ್ ಕೊಟ್ಟು, ಯಾವ ಊರು, ಯಾವ ಆಸ್ಪತ್ರೆ, ಯಾವ ವಿಭಾಗ ಎಂದೆಲ್ಲ ಚೀಟಿ ಬರೆದು, ಆಂಬುಲೆನ್ಸ್ ಕರೆಸಿದರು. ರೂಪಾ ಬರುವ ಸ್ಥಿತಿಯಲ್ಲಿ ಇರಲಿಲ್ಲ. ಅತ್ತೆ ಅವಳ ಹತ್ತಿರ ಉಳಿಯಬೇಕಾಯಿತು. ಮಗುವನ್ನು ನನ್ನ ತೊಡೆಯ ಮೇಲೆ ಮಲಗಿಸಿ ಬಾಗಿಲು ಹಾಕಿದರು. ಅಷ್ಟು ದಿನಗಳಲ್ಲಿ ಅವಳನ್ನು ಪೂರ್ತಿಯಾಗಿ ನಾನೇ ಹಿಡಿದುಕೊಂಡದ್ದು ಅದೇ ಮೊದಲು. ಬಾಯಿಂದ ಒಂದು ನಾತ, ಕೆಳಗಿನಿಂದ ಒಂದು ನಾತ. ಕಿಟಕಿ ತೆರೆಯಲು ಬರುತ್ತಿರಲಿಲ್ಲ. ಮಗು ಸತ್ತುಹೋಗುತ್ತದೆ ಎಂಬ ಹೆದರಿಕೆಯೂ ಈ ವಾಸನೆಯಿಂದ ಯಾವಾಗ ಬಿಡುಗಡೆ ಎಂಬ ಯೋಚನೆಯೂ ಒಟ್ಟೊಟ್ಟಿಗೇ ಇದ್ದವು. ಒಂದು ಇನ್ನೊಂದನ್ನು ಓಡಿಸಲಿಲ್ಲ.

ಅದು ದೊಡ್ಡ ಮಕ್ಕಳ ಆಸ್ಪತ್ರೆ. ಹೆಸರು ಬೇಡ. ಬಂದ ಕೂಡಲೇ ಕುರುವನ್ನು ಕೊಯ್ದು ಸತ್ತ ಮಾಂಸ ತೆಗೆದರು. ಮರುದಿನ ಸೊಂಟದ ಮೂಳೆಗೆ ಸೂಜಿ ಹಾಕಿ ಮಜ್ಜೆ ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಹೇಳಲು ಮೂರು ದಿನ ಬೇಕು ಎಂದರು.

ಆ ಮೂರು ದಿನ ಕಳೆದ ಜಾಗ ಹೇಳಬೇಕು. ವಾರ್ಡಿನ ಹೊರಗೆ ಕೈ ತೊಳೆಯುವ ಒಂದು ತೊಟ್ಟಿ. ಅದರಲ್ಲೇ ಅನ್ನದ ಅಗುಳು, ಅದರಲ್ಲೇ ಯಾರೋ ಉಗಿದ ಎಲೆಯಡಿಕೆ, ಅದರ ಅಂಚಿನಲ್ಲೇ ಒಣಹಾಕಿದ ಕೂಸಿನ ಬಟ್ಟೆ. ಕಕ್ಕಸಿನ ಬಾಗಿಲಿಗೆ ಚಿಲಕವಿಲ್ಲ, ನೆಲದ ಮೇಲೆ ನೀರು. ಚಪ್ಪಲಿ ಬಿಟ್ಟು ಹೋಗಿರಿ ಎಂದು ಬರೆದ ಫಲಕ. ಬರಿಗಾಲಲ್ಲಿ ಆ ನೀರು ತುಳಿಯುವಾಗಲೆಲ್ಲ ನನ್ನ ಮೈ ಜುಮ್ಮೆನ್ನುತ್ತಿತ್ತು. ನನ್ನ ಮಗಳ ರಕ್ತದಲ್ಲಿ ಕೊಳೆಯ ವಿರುದ್ಧ ಕಾದಾಡುವ ಕಣಗಳಿಲ್ಲ ಎಂದು ಒಳಗೆ ಹೇಳುತ್ತಾರೆ, ಹೊರಗೆ ಹೀಗೆ ಇಟ್ಟುಕೊಂಡಿರುತ್ತಾರೆ. ಯಾರನ್ನು ಬೈಯುವುದು? ಗುಡಿಸುವ ಹೆಂಗಸು ಒಬ್ಬಳೇ, ಮೂರು ವಾರ್ಡಿಗೆ. ಉಗಿದವರು ನನ್ನಂಥ ಅಪ್ಪಂದಿರೇ.

ಮೊದಲನೆಯ ದಿನವೇ ನರ್ಸ್ ಒಬ್ಬರು ಒಂದು ಬಟ್ಟಲಿನಲ್ಲಿ ಉಪ್ಪುನೀರಿನ ದ್ರಾವಣ, ಕತ್ತರಿಸಿದ ಗಾಜ್ ಬಟ್ಟೆಯ ತುಂಡು ತಂದಿಟ್ಟರು. ಬಳ್ಳಾರಿ ಕಡೆಯವರು, ನನ್ನ ಮಾತು ಕೇಳಿಯೇ ಗುರುತು ಹಿಡಿದಿದ್ದರು. ಎಲ್ಲರೂ ಅವರನ್ನು ಸಿಸ್ಟರ್ ಎನ್ನುತ್ತಿದ್ದರು, ನಾನೂ ಹಾಗೇ ಎಂದೆ.

"ಬೆರಳಿಗೆ ಇದನ್ನ ಸುತ್ತಿಕೊಂಡು ಒಸಡು, ನಾಲಗಿ, ಕೆನ್ನಿ ಒಳಗ ಒರಸ್ರಿ. ದಿನಕ್ಕ ಆರು ಸಲ. ಕೂಸಿನ ತಾಯಿ ಇಲ್ಲಲ್ರಿ, ನೀವ ಮಾಡ್ಬೇಕು."

"ಸಿಸ್ಟರ್, ನೀವ ಮಾಡ್ರಲ್ಲ. ನನಗ ಆಗಂಗಿಲ್ಲ."

"ನನಗ ನಲವತ್ತು ಕೂಸು ಅದಾವ್ರಿ. ಯಾಕ ಆಗಂಗಿಲ್ಲ?"

"ವಾಕರಿಕಿ ಬರ್ತೈತ್ರಿ," ಎಂದೆ. ಹೇಳಿದ ಮೇಲೆ ತಲೆ ಎತ್ತಲಾಗಲಿಲ್ಲ. ಅವರು ಬೈಯಲಿಲ್ಲ, ತಂದೆಯಾಗಿ ಹೀಗಂತೀರಲ್ಲ ಎನ್ನಲಿಲ್ಲ.

"ಬರ್ತೈತಿ. ನನಗೂ ಬರ್ತೈತಿ, ಹದಿನೆಂಟು ವರ್ಷ ಆತು. ಹೋಗಿ ವಾಂತಿ ಮಾಡಿ ಬರ್ರಿ, ಕೈ ತೊಳಕೊಳ್ರಿ, ಆಮ್ಯಾಗ ಮಾಡ್ರಿ."

ಹಾಗೇ ಮಾಡಿದೆ. ಮೊದಲ ಸಲ ಬೆರಳು ಬಾಯೊಳಗೆ ಹೋದಾಗ ಮಗು ಕಿರುಚಿತು. ಬಟ್ಟೆಯ ತುಂಡಿನ ಮೇಲೆ ಹಳದಿ ಪೊರೆಯೂ ರಕ್ತವೂ ಬಂದವು. ಎರಡನೆಯ ಸಲವೂ ವಾಂತಿ ಬಂತು. ಮೂರನೆಯ ಸಲ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅಭ್ಯಾಸವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಒಂದು ದಿನವೂ ಅಭ್ಯಾಸವಾಗಲಿಲ್ಲ. ಪ್ರೀತಿ ಉಕ್ಕಿ ಬಂದು ಅಸಹ್ಯ ಕರಗಿಹೋಯಿತು ಎಂದು ಯಾರಾದರೂ ಹೇಳಿದರೆ ಅವರು ಅಂಥ ಬಾಯಿ ತೊಳೆದಿಲ್ಲ ಎಂದು ತಿಳಿಯಿರಿ. ಅಸಹ್ಯಪಟ್ಟುಕೊಂಡೇ ದಿನಕ್ಕೆ ಆರು ಸಲ ತೊಳೆದೆ. ಗಾಯಕ್ಕೆ ಡ್ರೆಸಿಂಗ್ ಮಾಡುವಾಗ ಕಾಲು ಹಿಡಿದುಕೊಳ್ಳುವುದೂ ನನ್ನ ಕೆಲಸವೇ ಆಗಿತ್ತು.

ನಾಲ್ಕನೆಯ ದಿನ ಮಕ್ಕಳ ರಕ್ತದ ಕಾಯಿಲೆ ನೋಡುವ ಡಾಕ್ಟರಮ್ಮ ಕರೆದರು. ಚಿಕ್ಕ ವಯಸ್ಸಿನವರು. ತೆಲುಗಿನಲ್ಲಿ ಶುರುಮಾಡಿ, ನನ್ನ ಮುಖ ನೋಡಿ ಕನ್ನಡಕ್ಕೆ ಬಂದರು.

"ಭಯಪಡಕಂಡಿ. ಹೆದರಬೇಡಿ, ಕ್ಯಾನ್ಸರ್ ಅಲ್ಲ."

ನನಗೆ ಅಳು ಬರಲಿಲ್ಲ. ರಾಯದುರ್ಗದ ಹಾಳೆಯನ್ನು ಜೇಬಿನಿಂದ ತೆಗೆದು ಅವರ ಮುಂದೆ ಇಟ್ಟೆ. ಬೆವರಿಗೆ ಅದು ನಾಲ್ಕು ತುಂಡಾಗಿತ್ತು. "ಮತ್ತೆ ಇದೇನು ಮೇಡಂ? ಇಲ್ಲಿ ಹೆಚ್ಚು ಅಂತ ಬರೆದಿದೆ."

ಅವರು ಲಿಂಫೋಸೈಟಿನ ಸಾಲಿನ ಮೇಲೆ ಬೆರಳಿಟ್ಟರು. "ಈ ಕಣಗಳು ಸಣ್ಣ ಮಕ್ಕಳಲ್ಲಿ ಹೆಚ್ಚೇ ಇರ್ತವೆ. ಒಂದು ವರ್ಷದ ಮಗು ರಕ್ತ ಬೇರೆ, ನಿಮ್ಮ ರಕ್ತ ಬೇರೆ. ನಾಲ್ಕೈದು ವರ್ಷ ಆಗೋ ಹೊತ್ತಿಗೆ ಲೆಕ್ಕ ತಿರುಗುತ್ತೆ, ಇವು ಕಡಿಮೆ ಆಗಿ ಕೆಳಗಿನ ಸಾಲಿನ ನ್ಯೂಟ್ರೋಫಿಲ್ ಹೆಚ್ಚಾಗ್ತವೆ. ನಿಮ್ಮ ಲ್ಯಾಬಿನವರು ದೊಡ್ಡವರ ಅಳತೆ ಹಾಕಿ ಹೆಚ್ಚು ಅಂತ ಮುದ್ರೆ ಒತ್ತಿದ್ದಾರೆ, ಅಷ್ಟೇ." ಆಮೇಲೆ ಬೆರಳು ಕೆಳಗಿನ ಸಾಲಿಗೆ ಬಂತು. "ರೋಗದ ವಿರುದ್ಧ ಕಾದಾಡುವ ಈ ಕಣ ಮಾತ್ರ ನಿಜವಾಗಿ ಕಡಿಮೆ. ಯಾವ ವಯಸ್ಸಿಗೂ ಕಡಿಮೆ. ಮೂಳೆಯಲ್ಲಿ ಈ ಕಣ ಚೆನ್ನಾಗೇ ತಯಾರಾಗ್ತಿದೆ, ರಕ್ತಕ್ಕೆ ಬಂದಮೇಲೆ ಅವಳ ಮೈಯೇ ಅದನ್ನು ಗುರುತು ತಪ್ಪಿ ಕೊಲ್ತಿದೆ. ಬಹಳ ಮಕ್ಕಳಲ್ಲಿ ಬೆಳೀತಾ ಬೆಳೀತಾ ತಾನೇ ಸರಿಹೋಗುತ್ತೆ. ಅಲ್ಲೀವರೆಗೆ ಜ್ವರ ಬಂದ ಗಂಟೆಯಲ್ಲೇ ಆಸ್ಪತ್ರೆಗೆ ಬರಬೇಕು. ಬಾಯಿ ಶುದ್ಧ ಇಡಬೇಕು. ಬೂದಿ, ಸೊಪ್ಪು ಏನೂ ಮೆತ್ತಬಾರದು."

ಅಂದರೆ ದಪ್ಪ ಅಕ್ಷರದಲ್ಲಿದ್ದ ಎರಡು ಮಾತುಗಳಲ್ಲಿ ಒಂದು ಬರೀ ಸುಳ್ಳು. ನಮ್ಮನ್ನು ಹೆದರಿಸಿ ಮನೆಯಲ್ಲಿ ಕೂರಿಸಿದ್ದು ಆ ಸುಳ್ಳೇ. ನಿಜವಾಗಿದ್ದ ಇನ್ನೊಂದು ಮಾತನ್ನು ಪರದೆಯ ಹಿಂದೆ ಕೂತಿದ್ದವರು ಬಾಯಲ್ಲೂ ಆಡಿರಲಿಲ್ಲ. ಅವತ್ತು ವಾರ್ಡಿಗೆ ಹಿಂದಿರುಗುವಾಗ ಆ ತೊಟ್ಟಿಯ ಮುಂದೆ ನಿಂತು, ಯಾರೂ ಹೇಳದೆಯೇ, ಅದನ್ನು ಕೈಯಿಂದ ತಿಕ್ಕಿ ತೊಳೆದೆ. ಸಿಟ್ಟು ಎಲ್ಲಿ ಹಾಕಬೇಕೆಂದು ಗೊತ್ತಾಗದೆ ಮಾಡಿದ ಕೆಲಸ. ಸಂಜೆಯೊಳಗೆ ಅದು ಮೊದಲಿನಂತೆಯೇ ಆಯಿತು.

ಒಂಬತ್ತನೆಯ ದಿನ ರೂಪಾ ಬಂದಳು. ಜ್ವರ ಇಳಿದಿತ್ತು, ಎದೆಗೆ ಪಟ್ಟಿ ಕಟ್ಟಿದ್ದರು. ನಾನು ಮಗಳ ಬಾಯಿ ಒರೆಸುತ್ತಿದ್ದೆ. ಬಾಗಿಲಲ್ಲೇ ನಿಂತು ಪೂರ್ತಿ ನೋಡಿದಳು. ಮುಗಿದ ಮೇಲೆ ಬಂದು ಮಂಚದ ತುದಿಗೆ ಕೂತಳು. ಮೆಚ್ಚುತ್ತಾಳೆ ಎಂದುಕೊಂಡಿದ್ದೆ, ಸುಳ್ಳು ಯಾಕೆ.

"ನೀವು ಮುಖ ತಿರುಗಿಸ್ತಿದ್ದಿದ್ದು ನಾನು ನೋಡ್ತಿದ್ದೆ ಕಣ್ರೀ," ಎಂದಳು. "ಬಸ್ಸು ಇನ್ನೂ ಹೊರಟೇ ಇರ್ಲಿಲ್ಲ, ಅಷ್ಟರಲ್ಲೇ ನೀವು ಆಚೆ ತಿರುಗಿ ನಡೆದ್ರಿ."

"ನಾತ ತಡಿಯಾಕ ಆಗ್ತಿರ್ಲಿಲ್ಲ," ಎಂದೆ.

"ನಂಗೆ ಆಯ್ತಿತ್ತಾ? ನಾನು ದಿನಾ ಹಾಲು ಕುಡಿಸ್ತಿದ್ದೆ. ಒಂದೊಂದು ಸಲ ನಂಗೂ ಇವಳನ್ನ ಎತ್ಕೊಳ್ಳೋಕೆ ಮನಸ್ಸು ಬತ್ತಿರ್ಲಿಲ್ಲ. ಇಂಗೆ ಅನ್ಸೋಳು ಎಂಥ ತಾಯಿ ಅಂತ ಬಚ್ಚಲಲ್ಲಿ ಕೂತು ಅಳ್ತಿದ್ದೆ. ನೀವು ಒಂದು ಮಾತು ಆಡಿದ್ರೆ ಸಾಕಾಗಿತ್ತು. ನಿಮ್ಮಮ್ಮ ನನ್ನ ಹಾಲು ಕೆಟ್ಟೈತೆ ಅಂದಾಗ್ಲೂ ಬಾಯಿ ಬಿಡ್ಲಿಲ್ಲ."

ಅವಳು ಹೋದ ಮೇಲೆ ನಾನು ನೆಮ್ಮದಿಯಾಗಿ ಮಲಗಿದ್ದನ್ನೂ ಆಗಲೇ ಹೇಳಿಬಿಟ್ಟೆ. ಇಟ್ಟುಕೊಂಡು ಏನು ಮಾಡಬೇಕಿತ್ತು. ಅವಳು ಮಗುವಿನ ಗದ್ದ ಒರೆಸಿದಳು. ಆಮೇಲೆ ಬಟ್ಟಲಿಗೆ ಕೈ ಚಾಚಿ, "ಮುಂದಿನ ಸಲ ನಾನು ಮಾಡ್ತೀನಿ. ಒಂದು ಸಲ ನೀವು, ಒಂದು ಸಲ ನಾನು," ಎಂದಳು. ಕ್ಷಮಿಸಿದೆ ಎಂದು ಹೇಳಲಿಲ್ಲ, ಇವತ್ತಿನವರೆಗೂ ಹೇಳಿಲ್ಲ.

ಬಿಳಿಕಣ ಏರಿಸುವ ಇಂಜೆಕ್ಷನ್ ಕೆಲವು ದಿನ ಕೊಟ್ಟು, ಗಾಯ ಮಾಯುವ ಹಾದಿಗೆ ಬಂದ ಮೇಲೆ ಕಳಿಸಿದರು. ಮನೆಗೆ ಬಂದ ದಿನ ಅವ್ವ ಬೇರೆ ಇಟ್ಟಿದ್ದ ತಟ್ಟೆ ಬಟ್ಟಲುಗಳನ್ನು ನಾನೇ ತೆಗೆದು ಎಲ್ಲದರ ಜೊತೆಗೆ ಸೇರಿಸಿದೆ.

"ಅಂಟಿದ್ರ?" ಎಂದಳು ಅವ್ವ.

"ಅಂಟೂದಲ್ಲಬೇ. ಅಂಟೂದಾಗಿದ್ರ ನಮ್ಮಿಂದ ಆಕಿಗೆ ಅಂಟ್ತೈತಿ. ರೂಪಾನ ಹಾಲಿನ ಮಾತು ಇನ್ನ ಈ ಮನಿಯಾಗ ಬರಬಾರ್ದು." ಅವ್ವನ ಮುಂದೆ ನಾನು ಆ ದನಿಯಲ್ಲಿ ಮಾತಾಡಿದ್ದು ಮೊದಲು. ಅವ್ವ ಎರಡು ವಾರ ನನ್ನ ಜೊತೆ ಮಾತು ಬಿಟ್ಟಳು. ಮೂರನೆಯ ವಾರ ಸೋಪು ಹಚ್ಚಿ ಮೊಣಕೈವರೆಗೆ ಕೈ ತೊಳೆದುಕೊಂಡು ಬಂದು, "ಕೊಡು ಇಲ್ಲಿ," ಎಂದು ಕೂಸನ್ನು ಎತ್ತಿಕೊಂಡಳು.

ಆಮೇಲಿನ ಮೂರು ವರ್ಷ ಒಂದೇ ಸಮನೆ ಇರಲಿಲ್ಲ. ನಾಲ್ಕು ಸಲ ಜ್ವರ ಬಂದು ಆಸ್ಪತ್ರೆ ಸೇರಿದೆವು. ಬಾಯಿಹುಣ್ಣು ಬರುವುದು, ಹೋಗುವುದು. ಒಂದು ಮದುವೆಯಲ್ಲಿ ನೆಂಟರೊಬ್ಬರು ಲಾಸ್ಯಳ ಗಲ್ಲ ಹಿಂಡಿ, ತಕ್ಷಣ ಕೈಯನ್ನು ಪಂಚೆಗೆ ಒರೆಸಿಕೊಂಡರು. ನಾನು ನೋಡುತ್ತಲೇ ಇದ್ದೆ. ಒರೆಸಿಕೊಂಡ ಕೈಯಲ್ಲೇ ನನಗೆ ತಾಂಬೂಲ ಕೊಡಲು ಬಂದರು, ತೆಗೆದುಕೊಳ್ಳಲಿಲ್ಲ. ಅಂಗನವಾಡಿಗೆ ಕಳಿಸಿದ ವಾರದಲ್ಲೇ ಬೇರೆ ತಾಯಂದಿರು ತಕರಾರು ಎತ್ತಿದರು. ಡಾಕ್ಟರಮ್ಮನಿಂದ ಕಾಗದ ಬರೆಸಿ ತಂದು ಟೀಚರಿಗೆ ತೋರಿಸಿದ ಮೇಲೆ ಒಪ್ಪಿದರು.

ಎರಡು ತಿಂಗಳಿಗೊಮ್ಮೆ ರಾಯದುರ್ಗದಲ್ಲೇ ರಕ್ತ ಪರೀಕ್ಷೆ ಮಾಡಿಸಿ ಹಾಳೆಯ ಫೋಟೊ ಕಳಿಸಬೇಕಿತ್ತು. ಪ್ರತಿ ಸಲವೂ ಅದೇ ದಪ್ಪ ಅಕ್ಷರ. ಒಮ್ಮೆ ಲ್ಯಾಬಿನವನನ್ನು ಕೇಳಿದೆ.

"ಮಕ್ಕಳ ಅಳತಿ ಬ್ಯಾರೆ ಐತಲ್ರಿ. ಅದನ್ನ ಹಾಕ್ರಿ."

"ಕಂಪ್ಯೂಟರ್‌ನಾಗ ಹಂಗ ಐತ್ರಿ, ನಾವೇನ್ ಮಾಡಾಕ ಬರಂಗಿಲ್ಲ."

"ಇದನ್ನ ನೋಡಿ ಮಂದಿ ಹೆದರಿ ಸಾಯ್ತಾರ. ನಾವು ಸತ್ತಿದ್ವಿ."

"ಡಾಕ್ಟ್ರು ನೋಡ್ಕೊಂತಾರ ಬಿಡ್ರಿ," ಎಂದು ಅವನು ಮುಂದಿನವರ ಹೆಸರು ಕೂಗಿದ. ನೀವು ಸಣ್ಣ ಮಕ್ಕಳ ಹಾಳೆ ಹಿಡಿದು ಅಂಥ ಕೌಂಟರಿನ ಮುಂದೆ ನಿಂತಿದ್ದರೆ, ಆ ಅಳತೆ ಯಾವ ವಯಸ್ಸಿನದು ಎಂದು ಕೇಳಿ. ಸುಮ್ಮನಿದ್ದುಬಿಡಬೇಡಿ, ಮನೆಯಲ್ಲೂ ಕೂರಬೇಡಿ. ಮಕ್ಕಳ ಡಾಕ್ಟರ ಹತ್ತಿರ ಹೋಗಿ.

ಅವಳಿಗೆ ನಾಲ್ಕು ತುಂಬಿ ಕೆಲವು ತಿಂಗಳಾದಾಗ ಕೆಳಗಿನ ಸಾಲಿನ ಅಂಕಿ ಮೇಲೇಳತೊಡಗಿತು. ಮೂರಿದ್ದದ್ದು ಹನ್ನೊಂದು, ಮುಂದಿನ ಸಲ ಇಪ್ಪತ್ತಾರು, ಆಮೇಲೆ ನಲವತ್ತು ದಾಟಿತು. ಎಂಬತ್ತೈದಿದ್ದದ್ದು ತಾನಾಗಿ ಕೆಳಗೆ ಬಂದಿತ್ತು. ಯಾವ ಔಷಧವೂ ಹಾಗೆ ಮಾಡಿದ್ದಲ್ಲ. ಅವಳು ಬೆಳೆದಳು, ಅಷ್ಟೇ. ಮೂರು ಪರೀಕ್ಷೆಗಳಲ್ಲಿ ಹಾಗೇ ನಿಂತ ಮೇಲೆ ಡಾಕ್ಟರಮ್ಮ ಇನ್ನು ವರ್ಷಕ್ಕೊಮ್ಮೆ ಬಂದರೆ ಸಾಕು ಎಂದರು. ರೂಪಾ ಅಂದು ಆಸ್ಪತ್ರೆಯ ಗೇಟಿನ ಹೊರಗೆ ನಿಂತು ಅತ್ತಳು. ನಾನು ಬಳ್ಳಾರಿಯ ಸಿಸ್ಟರನ್ನು ಹುಡುಕಿದೆ. ವರ್ಗವಾಗಿ ಹೋಗಿದ್ದರು.

ಈಗ ಲಾಸ್ಯಳಿಗೆ ಆರು ವರ್ಷ. ಹೋದ ತಿಂಗಳು ರೂಪಾಳ ತವರಿಗೆ ಹೋದವರು ಒಂದು ದಿನ ಅಲ್ಲೇ ಹತ್ತಿರದ ಹೇಮಾವತಿ ಊರಿನ ಗುಡಿಗೆ ಹೋಗಿದ್ದೆವು. ದರ್ಶನ ಮುಗಿಸಿ ಗುಡಿಯ ಹೊರಗಿನ ಕಟ್ಟೆಯ ಮೇಲೆ ಕೂತು ಸೀಬೆಹಣ್ಣು ತಿನ್ನುತ್ತಿದ್ದೆವು. ನನ್ನದು ಬಹಳ ಸಿಹಿಯಾಗಿತ್ತು. ಒಂದು ಕಡೆ ಕಚ್ಚಿದ್ದೆ. "ರುಚಿ ಐತಿ ನೋಡು," ಎಂದು ಅವಳ ಬಾಯಿಯ ಹತ್ತಿರ ಹಿಡಿದೆ.

ಅವಳು ಮುಖ ಸಿಂಡರಿಸಿ ಎರಡು ಹೆಜ್ಜೆ ಹಿಂದೆ ಸರಿದಳು.

"ಛೀ, ಎಂಜಲು. ನಾನು ತಿನ್ನಲ್ಲಪ್ಪ."

ರೂಪಾ ನಕ್ಕಳು. ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಳು, ಆದರೂ ನಿಲ್ಲಲಿಲ್ಲ. "ಅಪ್ಪನ ಮಗಳೇ ಬಿಡು," ಎಂದಳು. ಆಮೇಲೆ ನನ್ನ ಕೈಯಿಂದ ಹಣ್ಣು ತೆಗೆದುಕೊಂಡು, ನಾನು ಕಚ್ಚಿದ ಕಡೆಯೇ ಕಚ್ಚಿ ತಿಂದಳು.